ಕುಬಸದ ಗಂಟು, ಕಾರ್ಸೆಟ್ಟಿನ ಲಾಡಿ

ನಡ ಸಣ್ಣ ಮಾಡುವ ಬೆಲ್ಟಿನ ಜಾಹೀರಾತು ನಿಮ್ಮ ಫೋನಿನಲ್ಲೂ ಬಂದಿರಬೇಕು. ನಮ್ಮ ಬೈಲಹೊಂಗಲ, ಕಿತ್ತೂರು ಕಡೆಯ ಹಳ್ಳಿಗಳಿಗೂ ಈಗ ಅದು ಪಾರ್ಸೆಲ್ಲಿನಲ್ಲಿ ಬರುತ್ತದೆ. ಇದೇನು ಹೊಸದಲ್ಲ. ಇದರ ಅಜ್ಜಿಯ ಹೆಸರು ಕಾರ್ಸೆಟ್.

ಕಿತ್ತೂರು ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ಎಂಟು ವರ್ಷದ ಮೇಲೆ, 1837ರಲ್ಲಿ, ವಿಕ್ಟೋರಿಯಾ ಇಂಗ್ಲೆಂಡಿನ ರಾಣಿಯಾದರು. 1901ರವರೆಗೆ ಆಳಿದರು. ಆ ಕಾಲದಲ್ಲಿ ಅಲ್ಲಿನ ಸಿರಿವಂತರ ಮನೆಯವರಷ್ಟೇ ಅಲ್ಲ, ದುಡಿದು ತಿನ್ನುವ ಹೆಂಗಸರೂ ಸೀರುಡುಪಿನ ಒಳಗೆ ಕಾರ್ಸೆಟ್ ತೊಡುತ್ತಿದ್ದರು. ದಪ್ಪ ಬಟ್ಟೆಯೊಳಗೆ ತಿಮಿಂಗಿಲದ ಬಾಯಿಂದ ತೆಗೆದ ಬಾಗುವ ಪಟ್ಟಿ, ಇಲ್ಲವೇ ಉಕ್ಕಿನ ಪಟ್ಟಿ. ಮುಂದೆ ಕೊಂಡಿ, ಹಿಂದೆ ಜಗ್ಗಿ ಕಟ್ಟುವ ಲಾಡಿ.

ಎಲ್ಲರೂ ಉಸಿರು ಕಟ್ಟುವಂತೆ ಬಿಗಿಯುತ್ತಿರಲಿಲ್ಲ. ಬೆನ್ನಿಗೆ, ಎದೆಗೆ ಆಧಾರ ಎಂದು ತೊಟ್ಟವರು ಬಹಳ. ಅತಿಯಾಗಿ ಬಿಗಿದವರಿಗೆ ಮಾತ್ರ ಏದುಸಿರು, ತಲೆಸುತ್ತು. ವರ್ಷಗಟ್ಟಲೆ ಬಿಗಿದರೆ ಪಕ್ಕೆಲುಬಿನ ಆಕಾರವೇ ಬದಲಾಗುತ್ತಿತ್ತು. ಲಂಡನ್ನಿನ ವೈದ್ಯರ ಪತ್ರಿಕೆ ‘ಲ್ಯಾನ್ಸೆಟ್’ ಇದರ ವಿರುದ್ಧ ಮತ್ತೆ ಮತ್ತೆ ಬರೆಯಿತು. 1881ರಲ್ಲಿ ಅಲ್ಲಿನ ಹೆಂಗಸರೇ ಸಂಘ ಕಟ್ಟಿ, ಮೈ ಕೆಡಿಸುವ ಉಡುಪು ಬೇಡ ಎಂದರು.

ನಮ್ಮ ಕಡೆ ಇದ್ದದ್ದು ಖಣದ ಕುಬಸ. ರಾಮದುರ್ಗದಾಚೆಯ ಗುಳೇದಗುಡ್ಡದ ಖಣ ಎಲ್ಲರಿಗೂ ಗೊತ್ತು. ಕುಬಸವೂ ಮೈಗಂಟಿದ ಉಡುಪೇ. ಆದರೆ ಅದರಲ್ಲಿ ಪಟ್ಟಿ ಇಲ್ಲ, ಕೊಂಡಿ ಇಲ್ಲ. ಎದೆಯ ಕೆಳಗೆ ಎರಡು ತುದಿ ಸೇರಿಸಿ ಒಂದು ಗಂಟು. ಹೊಲದಲ್ಲಿ ಕಸ ತೆಗೆಯುವಾಗ ಬಿಗಿ ಎನಿಸಿದರೆ ತುಸು ಸಡಿಲಿಸಬಹುದು, ಕೂಸಿಗೆ ಹಾಲು ಕುಡಿಸುವಾಗ ಬಿಚ್ಚಬಹುದು.

ಕುಬಸ ನಮ್ಮಲ್ಲಿ ಒಂದು ಕಾರ್ಯದ ಹೆಸರೂ ಹೌದು. ಚೊಚ್ಚಲ ಬಸುರಿಗೆ ಐದು ಇಲ್ಲವೇ ಏಳನೇ ತಿಂಗಳಲ್ಲಿ ತವರಿನವರು ಸೀರೆ, ಕುಬಸ ತಂದು ಉಡಿ ತುಂಬುತ್ತಾರೆ. ಸವದತ್ತಿ ಎಲ್ಲಮ್ಮನ ಉಡಿಗೂ ಖಣ ಬೇಕು. ಮೈ ತುಂಬುವ ಹೊತ್ತಿಗೆ ಹೊಸ ಕುಬಸ, ಅಂದರೆ ಮೈಗೆ ತಕ್ಕ ಬಟ್ಟೆ. ಬಿಗಿದ ಕಾರ್ಸೆಟ್ಟಿನ ಲೆಕ್ಕ ತಿರುವುಮುರುವು: ಬಟ್ಟೆಗೆ ತಕ್ಕ ಮೈ.

ಹಾಗಂತ ನಮ್ಮ ಹಿರಿಯರು ಹೆಣ್ಣಿಗೆ ಎಲ್ಲವನ್ನೂ ಸಡಿಲ ಬಿಟ್ಟಿದ್ದರು ಎನ್ನಲಾರೆವು. ಗಂಡ ಸತ್ತವಳಿಗೆ ಕುಬಸವನ್ನೇ ತೊಡಗೊಡದ ಮನೆಗಳೂ ಇದ್ದವು.

ಈಗ ಬೆಲ್ಟಿನ ಮಾತು. ಬೆನ್ನುನೋವಿಗೆ, ಸಿಸೇರಿಯನ್ ಆದ ಮೇಲೆ ಡಾಕ್ಟರು ಬರೆದುಕೊಡುವ ಬೆಲ್ಟ್ ಬೇರೆ. ನಡ ಸಣ್ಣ ಮಾಡುತ್ತೇವೆಂದು ಮಾರುವುದು ಬೇರೆ. ಅದು ಕೊಬ್ಬು ಕರಗಿಸುವುದಿಲ್ಲ. ಒತ್ತಿ ಹಿಡಿಯುತ್ತದೆ, ಬೆವರಿಳಿಸುತ್ತದೆ, ಬಿಚ್ಚಿದರೆ ನಡ ಮೊದಲಿನ ಹಾಗೇ. ಬಿಗಿ ಹೆಚ್ಚಾದರೆ ಉಸಿರಾಟಕ್ಕೆ ತೊಂದರೆ, ಎದೆಯುರಿ. ಬಸುರಿಯರು, ಬಾಣಂತಿಯರು ಡಾಕ್ಟರನ್ನು ಕೇಳದೆ ಕಟ್ಟಿಕೊಳ್ಳಬೇಡಿ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ಹೇಳುತ್ತಾರೆ.

ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜಿಯ ಖಣದ ಕುಬಸ ಇದ್ದರೆ ಫೋಟೊ ತೆಗೆದು ನಮಗೆ ಕಳಿಸಿ. ಗಂಟು ಹೇಗೆ ಕಟ್ಟುತ್ತಿದ್ದರು ಎಂಬುದನ್ನೂ ಕೇಳಿ ಬರೆಯಿರಿ.