ತೊಟ್ಟಿಲಿಗೆ ಮರಳುವ ಹೆಸರುಗಳು

ಲೋಕವು ಮಾನವನಿಗೆ ಕೊಡುವ ಮೊದಲ ಕಾಣಿಕೆ ಹೆಸರು. ಹಾಲು, ಆಸರೆ, ತಾಯಿಯ ಮಡಿಲು ಪ್ರಾಣಿಮಾತ್ರಕ್ಕೂ ದೊರೆಯತಕ್ಕವು; ಹೆಸರಾದರೋ ಮನುಷ್ಯಕುಲದ ಸೊತ್ತು. ಶಿಶುವು ತಾನಾಗಿ ಬೇಡದ, ಆದರೆ ಬದುಕಿನ ಕೊನೆಯವರೆಗೂ ಹೊತ್ತು ಸಾಗುವ ಈ ಕಾಣಿಕೆಯಲ್ಲಿ ಹೆತ್ತವರು ತಮ್ಮ ಕಾಲದ ಭಕ್ತಿ, ಭೀತಿ, ಅಭಿಮಾನ, ಅಭಿಲಾಷೆಗಳನ್ನೆಲ್ಲ ತುಂಬಿಡುತ್ತಾರೆ. ಅದುಕಾರಣ ಒಂದು ಸೀಮೆಯ ಜನರ ಹೆಸರುಗಳನ್ನು ಸಾಲಾಗಿ ಓದಿದರೆ ಆ ಸೀಮೆಯ ಚರಿತ್ರೆಯನ್ನೇ ಓದಿದಂತಾಗುತ್ತದೆ.

ನಾಮಕರಣದ ಮಾತೆತ್ತಿ ಮಠಕ್ಕೆ ಬರುವ ಸದ್ಭಕ್ತರಲ್ಲಿ ಹಿರಿಯರಾದವರು ಈಚಿನ ವರ್ಷಗಳಲ್ಲಿ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ‘ಅಪ್ಪಾವರೆ, ನಮ್ಮ ಹಿರ್ಯಾರ ಹೆಸರು ಇನ್ನ ನಮ್ಮ ಮನ್ಯಾಗ ಉಳಿಯಂಗಿಲ್ಲೇನ್ರಿ?’ ಮೇಲುನೋಟಕ್ಕೆ ಇದು ಮುಪ್ಪಿನ ಹಳಹಳಿಕೆಯಂತೆ ತೋರಬಹುದು. ವಿಚಾರಿಸಿ ನೋಡಿದರೆ ಇದು ಇತಿಹಾಸದ ಪ್ರಶ್ನೆ. ಹೆಸರುಗಳು ಏಕೆ ಬಂದವು, ಏಕೆ ಹೋದವು ಎಂಬುದನ್ನರಿಯದೆ ಅವು ಮರಳುವವೇ ಎಂಬುದಕ್ಕೆ ಉತ್ತರ ಹೇಳಲಾಗದು.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ನಮ್ಮ ಈ ನೆಲವನ್ನು ಪ್ರಾಚೀನರು ಎಡೆದೊರೆ ನಾಡು ಎಂದು ಕರೆದರು. ರಾಯಚೂರು ನಗರದ ಹಳೆಯ ಪೇಟೆಗಳಲ್ಲಾಗಲಿ, ದೇವದುರ್ಗ, ಮಾನ್ವಿಗಳ ಹಳ್ಳಿಗಳಲ್ಲಾಗಲಿ ಅರುವತ್ತು ದಾಟಿದವರ ಹೆಸರುಗಳನ್ನು ಕೇಳಿರಿ. ಅಮರಪ್ಪ, ಅಮರಮ್ಮ ಎಂದೊಡನೆ ಲಿಂಗಸುಗೂರು ತಾಲೂಕಿನ ಗುರುಗುಂಟಿಯ ಅಮರೇಶ್ವರ ಕಣ್ಣಮುಂದೆ ನಿಲ್ಲುತ್ತಾನೆ. ಮೌನಪ್ಪ, ಮಾನಪ್ಪ, ಮೌನಮ್ಮ ಎಂಬವು ಕೃಷ್ಣಾತೀರದ ತಿಂಥಣಿಯ ಮೌನೇಶ್ವರನ ಪ್ರಸಾದ. ಹಂಪಯ್ಯ, ಹಂಪಮ್ಮ, ವಿರೂಪಾಕ್ಷಪ್ಪ ಎಂದರೆ ಹಂಪೆ. ಹುಲಿಗೆಪ್ಪ, ಹುಲಿಗೆಮ್ಮ ಎಂದರೆ ತುಂಗಭದ್ರೆಯ ದಡದ ಹುಲಿಗಿ. ಶರಣಪ್ಪ, ಶರಣಮ್ಮ ಎಂದರೆ ಕಲಬುರಗಿಯ ಶರಣಬಸವೇಶ್ವರರು. ಮಲ್ಲಯ್ಯ, ಮಲ್ಲಮ್ಮ ಎಂದರೆ ಶ್ರೀಶೈಲ. ಯಲ್ಲಪ್ಪ, ಯಲ್ಲಮ್ಮ ಎಂಬವರಿಗೆ ನೀರಮಾನ್ವಿಯ ಜಾತ್ರೆ ಹತ್ತಿರದ್ದು. ಉರುಕುಂದಪ್ಪ ಎಂಬ ಹೆಸರು ಕರ್ನೂಲು ಸೀಮೆಯ ಉರುಕುಂದದ ಈರಣ್ಣನಿಂದ ಬಂದುದು; ಅದನ್ನು ಬೆಂಗಳೂರಿನಲ್ಲಿ ಕೇಳಿದರೂ ಆತ ನಮ್ಮ ಕಡೆಯವನೆಂದು ತಿಳಿಯಬಹುದು. ನಮ್ಮ ಪೂರ್ವಜರು ನಡೆದು ಹೋದ ಜಾತ್ರೆಯ ದಾರಿಗಳನ್ನು ಯಾರೂ ನಕ್ಷೆಯಲ್ಲಿ ಬರೆದಿಡಲಿಲ್ಲ. ಮಕ್ಕಳ ಹೆಸರಿನಲ್ಲಿ ಬರೆದಿಟ್ಟರು.

ಈ ನಕ್ಷೆಗೆ ಮತದ ಗಡಿಯೂ ಭಾಷೆಯ ಗಡಿಯೂ ಇರಲಿಲ್ಲ. ಹುಸೇನಪ್ಪ, ಮೌಲಪ್ಪ, ಖಾಜಪ್ಪ, ಫಕೀರಪ್ಪ ಎಂಬ ಹೆಸರಿನ ಹಿಂದೂ ಗೃಹಸ್ಥರು ನಮ್ಮ ಭಾಗದ ಊರುಗಳಿಗೆ ಹೊಸಬರಲ್ಲ. ಮೊಹರಮಿನ ಅಲಾವಿಗೆ ಹರಕೆ ಹೊತ್ತು, ದರ್ಗಾದ ಕಟ್ಟೆಗೆ ಹಣೆ ಹಚ್ಚಿ ಪಡೆದ ಮಗುವಿಗೆ ಆ ಕೃತಜ್ಞತೆಯ ಹೆಸರನ್ನಿಡುವುದರಲ್ಲಿ ಅಂದಿನವರಿಗೆ ಯಾವ ಮುಜುಗರವೂ ಇರಲಿಲ್ಲ. ತೆಲುಗು ನಾಡು ಮಗ್ಗುಲಲ್ಲೇ ಇರುವ ಕಾರಣ ನರಸಿಂಹಲು ಎಂಬಂಥ ಹೆಸರುಗಳೂ ಇಲ್ಲಿ ನೆಲೆಸಿದವು. ಹರಿದಾಸರ ಪರಂಪರೆಯನ್ನು ನೋಡಿದರೂ ಇದೇ ಮಣ್ಣಿನ ವಾಸನೆ. ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ ೧೬೮೨ರಲ್ಲಿ ಜನಿಸಿದ ವಿಜಯದಾಸರ ಮನೆಯ ಹೆಸರು ದಾಸಪ್ಪ; ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರ ಮನೆಯ ಹೆಸರು ಭಾಗಣ್ಣ. ಅಪ್ಪ, ಅಣ್ಣ ಎಂಬ ಕೊನೆಗಳು ಯಾವುದೋ ಒಂದು ಮತದ ಸೊತ್ತಾಗಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಭಕ್ತಿಯಂತೆ ಭೀತಿಯೂ ಹೆಸರಿಟ್ಟಿತು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮತ್ತೊಂದು ಮಗು ಹುಟ್ಟಿದರೆ ಅದನ್ನು ಕ್ಷಣಕಾಲ ತಿಪ್ಪೆಯ ಮೇಲೆ ಮಲಗಿಸಿ, ‘ಇದು ಯಾರಿಗೂ ಬೇಡದ ಮಗು’ ಎಂದು ಮೃತ್ಯುವಿಗೆ ನಂಬಿಸಿ, ತಿಪ್ಪಣ್ಣ, ತಿಪ್ಪಮ್ಮ ಎಂದು ಕರೆಯುವ ವಾಡಿಕೆಯಿತ್ತು. ಕಲ್ಲಪ್ಪ, ಗುಂಡಪ್ಪ ಎಂಬವುಗಳಲ್ಲಿಯೂ ಎಷ್ಟೋ ವೇಳೆ ಮಗು ಕಲ್ಲಿನಂತೆ ಗಟ್ಟಿಯಾಗಿ ಉಳಿಯಲೆಂಬ ತಾಯಿಯ ಮೊರೆ ಅಡಗಿತ್ತು. ೧೯೭೧ರಲ್ಲಿ ಕೂಡ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ೧೨೯ ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ೨೦೨೦ರ ಹೊತ್ತಿಗೆ ಆ ಸಂಖ್ಯೆ ೨೮ಕ್ಕೆ ಇಳಿಯಿತು. ಲಸಿಕೆ, ಆಸ್ಪತ್ರೆಯ ಹೆರಿಗೆ, ಶುದ್ಧ ನೀರು ಇವು ಬಂದಂತೆ ತಿಪ್ಪಣ್ಣ ಎಂಬ ಹೆಸರು ಹಿಂದೆ ಸರಿಯಿತು. ಇದಕ್ಕೆ ಮರುಗಬೇಕಾದುದಿಲ್ಲ. ಹೆಣ್ಣು ಸಾಕೆಂದು ಇಟ್ಟ ಸಾಕಮ್ಮ ಎಂಬ ಹೆಸರು ಹೋದರೂ ಹಾಗೆಯೇ. ಹೋದುದು ಹೆಸರಲ್ಲ, ಅದರ ಹಿಂದಿನ ದುಃಖ.

ಇನ್ನು ಭಕ್ತಿಯ ಹೆಸರುಗಳೇಕೆ ಬದಲಾದವು? ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಹೆಸರಿನ ಬೇರು ಬಹುಮಟ್ಟಿಗೆ ಉಳಿದು, ಕೊನೆ ಮಾತ್ರ ಉದುರಿತು. ಅಮರಪ್ಪನು ಅಮರೇಶನಾದನು, ಮೌನಪ್ಪನು ಮೌನೇಶನಾದನು, ಸಂಗಪ್ಪನು ಸಂಗಮೇಶನಾದನು, ಈರಣ್ಣನು ವೀರೇಶನಾದನು, ಬಸಪ್ಪನು ಬಸವರಾಜನಾದನು. ಇದು ಹೊಸ ಕ್ರಮವೇನಲ್ಲ. ರನ್ನನ ಆಶ್ರಯದಾತೆಯಾದ ಅತ್ತಿಮಬ್ಬೆಯ ಕಾಲದಲ್ಲಿ ಸ್ತ್ರೀಯರ ಹೆಸರಿಗೆ ‘ಅಬ್ಬೆ’ ಎಂಬುದು ಗೌರವದ ಕೊನೆಯಾಗಿತ್ತು. ಶರಣೆಯರಲ್ಲಿ ‘ಅವ್ವೆ’ ಕಾಣುತ್ತದೆ. ಮುಂದೆ ಅವ್ವ, ಅಮ್ಮ ಬಂದವು. ಕೊನೆಗಳು ಕಾಲಕಾಲಕ್ಕೆ ಬದಲಾಗುತ್ತಲೇ ಇವೆ. ನಮ್ಮ ಕಾಲದ ವಿಶೇಷವೆಂದರೆ ಕೊನೆಯ ಜೊತೆಗೆ ಬೇರನ್ನೂ ಕಿತ್ತು, ನಕ್ಷತ್ರದ ಅಕ್ಷರವೊಂದನ್ನು ಹಿಡಿದು, ಊರಿಗೂ ಮನೆಗೂ ಸಂಬಂಧವಿಲ್ಲದ, ಎರಡಕ್ಷರದ ಹೊಸ ಹೆಸರನ್ನು ಹುಡುಕುವುದು.

ದಾಖಲೆಯ ಪದ್ಧತಿಯೂ ಇದಕ್ಕೆ ಇಂಬುಕೊಟ್ಟಿತು. ಹಿಂದೆ ಒಬ್ಬನಿಗೆ ತೊಟ್ಟಿಲ ಹೆಸರೊಂದು, ಕರೆಯುವ ಹೆಸರೊಂದು, ಶಾಲೆಯ ಹೆಸರೊಂದು. ತೀರಿಕೊಂಡ ಮುತ್ಯಾನ ಹೆಸರನ್ನು ಮೊಮ್ಮಗನಿಗಿಟ್ಟರೆ, ಮಾವನ ಹೆಸರು ಹಿಡಿಯಲಾಗದ ಸೊಸೆಯು ಮಗುವನ್ನು ಬೇರೊಂದು ಹೆಸರಿನಿಂದ ಕೂಗುವಳು. ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಆಡಳಿತದಲ್ಲಿದ್ದ ನಮ್ಮ ಜಿಲ್ಲೆಯಲ್ಲಿ ಸರಕಾರಿ ದಫ್ತರಗಳು ಉರ್ದುವಿನಲ್ಲಿದ್ದವು. ಮನೆಯ ಹೆಸರು ಮನೆಯಲ್ಲಿ, ದಫ್ತರದ ಹೆಸರು ದಫ್ತರದಲ್ಲಿ ಉಳಿಯುತ್ತಿತ್ತು. ಈಗ ಹಾಗಿಲ್ಲ. ೧೯೬೯ರ ಜನನ ಮರಣ ನೋಂದಣಿ ಕಾಯ್ದೆಯಂತೆ ಮಗುವಿನ ಹೆಸರನ್ನು ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ, ಆ ಮೇಲೆ ಹದಿನೈದು ವರ್ಷದವರೆಗೆ ಶುಲ್ಕ ತೆತ್ತು ಬರೆಸಬಹುದು. ೨೦೨೩ರ ತಿದ್ದುಪಡಿಯಂತೆ ಆ ವರ್ಷದ ಅಕ್ಟೋಬರ್ ೧ರಿಂದೀಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶ ಮೊದಲಾದವುಗಳಲ್ಲಿ ಜನನದ ದಿನ ಮತ್ತು ಸ್ಥಳಕ್ಕೆ ಆ ಪ್ರಮಾಣಪತ್ರವೇ ಆಧಾರ. ಬರೆಸಿದ ಹೆಸರೇ ಬಾಳಿನ ಹೆಸರು. ಪಟ್ಟಣದ ಶಾಲೆಯಲ್ಲಿ ಮಗುವನ್ನು ಯಾರೂ ನಗಬಾರದೆಂಬ ಅಂಜಿಕೆಯಿಂದ ತಂದೆತಾಯಿಗಳು ಮುತ್ಯಾನ ಹೆಸರನ್ನು ಬದಿಗಿರಿಸಿದರೆ ಅವರನ್ನು ಜರೆಯುವುದು ನ್ಯಾಯವಲ್ಲ.

ಹಾಗಾದರೆ ಹಳೆಯ ಹೆಸರುಗಳಿಗೆ ಮರಳುವ ದಾರಿಯೇ ಇಲ್ಲವೇ? ಅನ್ಯದೇಶಗಳ ಅನುಭವ ಬೇರೆ ಮಾತು ಹೇಳುತ್ತದೆ. ಹೆಸರುಗಳ ಲೆಕ್ಕವನ್ನು ೧೮೮೦ರಿಂದ ಪ್ರಕಟಿಸಿರುವ ಅಮೆರಿಕದಲ್ಲಿ ಎಮ್ಮಾ ಎಂಬ ಹೆಸರು ಆ ವರ್ಷ ಹೆಣ್ಣುಮಕ್ಕಳ ಹೆಸರುಗಳಲ್ಲಿ ಮೂರನೆಯದಾಗಿತ್ತು. ಮುಂದೆ ಅದು ಅಜ್ಜಿಯರ ಹೆಸರೆನಿಸಿ ಕೆಳಗಿಳಿಯಿತು. ೨೦೦೮ರಲ್ಲಿ ಅದೇ ಹೆಸರು ಮೊದಲನೆಯ ಸ್ಥಾನಕ್ಕೆ ಬಂದಿತು. ೨೦೧೪ರಿಂದ ೨೦೧೮ರವರೆಗೆ ಸತತವಾಗಿ ಅಲ್ಲಿಯೇ ನಿಂತಿತು. ತಂದೆತಾಯಿಗಳ ಹೆಸರು ಹಳತೆನಿಸುತ್ತದೆ. ಮುತ್ತಜ್ಜಿಯ ಹೆಸರು, ಅದನ್ನು ಹೊತ್ತವರು ಕಣ್ಣಮುಂದಿಲ್ಲದ ಕಾರಣ, ಮತ್ತೆ ಹೊಸತೆನಿಸುತ್ತದೆ. ಇದು ಕಾಲದ ಸಹಜವಾದ ತಿರುಗಣಿ. ಆದರೆ ಈ ತಿರುಗಣಿ ನಮ್ಮಲ್ಲಿ ತಾನಾಗಿ ತಿರುಗುವುದೆಂದು ನಂಬಿ ಕೂಡಲಾಗದು. ಏಕೆಂದರೆ ನಮ್ಮಲ್ಲಿ ಹೆಸರು ವಯಸ್ಸನ್ನು ಮಾತ್ರವಲ್ಲ, ಊರು, ಜಾತಿ, ಅಂತಸ್ತುಗಳನ್ನೂ ಹೇಳುತ್ತದೆ. ಇಲ್ಲಿ ಹೆಸರು ಮರಳಬೇಕಾದರೆ ಅದನ್ನು ಹೊತ್ತವರ ಮೇಲಣ ಗೌರವ ಮೊದಲು ಮರಳಬೇಕು.

ಇದಕ್ಕೆ ನಿದರ್ಶನವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಮಸ್ಕಿಗೆ ಹೋದರೆ ಸಾಕು. ಮೌರ್ಯ ಸಾಮ್ರಾಟನ ಶಾಸನಗಳು ನಾಡಿನಾದ್ಯಂತ ಇದ್ದರೂ ಅವುಗಳಲ್ಲಿ ಅವನು ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದೇ ಕರೆದುಕೊಂಡಿದ್ದನು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದ ತರುವಾಯ ಇವನೇ ಅಶೋಕನಿರಬೇಕೆಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಬಲದಿಂದ ಊಹಿಸಿದರು. ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರಾಗಿದ್ದ ಬೀಡನ್ ಎಂಬವರು ಮಸ್ಕಿಯ ಬಂಡೆಯ ಶಾಸನವನ್ನು ಕಂಡುಹಿಡಿದಾಗ ಅದರಲ್ಲಿ ಅಶೋಕ ಎಂಬ ಹೆಸರೇ ಕೊರೆದಿತ್ತು. ಊಹೆ ನಿಶ್ಚಯವಾಯಿತು. ಜನರ ನಾಲಗೆಯಿಂದ ಬಹುಕಾಲ ಮರೆಯಾಗಿದ್ದ ಹೆಸರು ಪಠ್ಯಪುಸ್ತಕಗಳಿಗೆ ಬಂದಿತು. ೧೯೫೦ರಲ್ಲಿ ಅವನ ಸಿಂಹಸ್ತಂಭವು ರಾಷ್ಟ್ರದ ಲಾಂಛನವಾಯಿತು. ಅಶೋಕ ಎಂಬ ಮಕ್ಕಳು ಓಣಿ ಓಣಿಗಳಲ್ಲಿ ಆಡಿದರು. ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಹೆಸರನ್ನು ಯಾರೂ ಹಳೆಯ ಕಾಲದ್ದೆಂದು ನಗಲಿಲ್ಲ. ಊರುಗಳ ಮಾತೂ ಹಾಗೆಯೇ. ಗುಲ್ಬರ್ಗವು ೨೦೧೪ರಲ್ಲಿ ಕಲಬುರಗಿಯಾಯಿತು. ಹೈದರಾಬಾದ್ ಕರ್ನಾಟಕವು ೨೦೧೯ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ನೆನಪು ಮರಳಿದಲ್ಲಿ ಹೆಸರು ಮರಳುತ್ತದೆ.

ಶರಣರ ಹೆಸರುಗಳ ಪುನರುದಯವೂ ಇದೇ ಬಗೆಯದು. ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಮನೆಮನೆಯಿಂದ ಕೂಡಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಚನಗಳು ಜನರ ಕೈಸೇರಿದಂತೆ ಅಕ್ಕಮಹಾದೇವಿ, ನೀಲಾಂಬಿಕೆ, ಅಲ್ಲಮಪ್ರಭು, ಸಿದ್ಧರಾಮ ಎಂಬ ಹೆಸರುಗಳು ಹೊಸ ಹೊಳಪಿನಿಂದ ತೊಟ್ಟಿಲುಗಳಿಗೆ ಬಂದವು. ಆ ಮಹನೀಯರ ‘ಫ’ ಎಂಬ ಅಕ್ಷರವು ಫಕೀರಪ್ಪ ಎಂಬುದರ ಸಂಕ್ಷೇಪವೆಂಬುದನ್ನು ಇಲ್ಲಿ ನೆನೆಯತಕ್ಕದ್ದು. ವಚನಸಾಹಿತ್ಯವನ್ನು ಉಳಿಸಿಕೊಟ್ಟವರು ನಮ್ಮ ಹಳ್ಳಿಗಳ ಫಕೀರಪ್ಪಗಳ ಹೆಸರನ್ನೇ ಹೊತ್ತವರು!

ಆದರೆ ಈ ಪುನರುದಯ ಅರ್ಧಕ್ಕೆ ನಿಂತಿತು. ಮಾಚಯ್ಯ, ಚೌಡಯ್ಯ, ಕೇತಯ್ಯ, ಕಕ್ಕಯ್ಯ, ಹರಳಯ್ಯ, ಕಾಳವ್ವೆ, ರೆಮ್ಮವ್ವೆ, ಲಕ್ಕಮ್ಮ ಇವರನ್ನು ನಾವು ವೇದಿಕೆಯ ಮೇಲೆ ಕೊಂಡಾಡುತ್ತೇವೆ, ಜಯಂತಿಗಳಲ್ಲಿ ಭಾವಚಿತ್ರಕ್ಕೆ ಮಾಲೆ ಹಾಕುತ್ತೇವೆ. ಮನೆಯ ತೊಟ್ಟಿಲಿಗೆ ಮಾತ್ರ ಕರೆಯುವುದಿಲ್ಲ. ಆಯ್ದಕ್ಕಿಯ ಲಕ್ಕಮ್ಮ ಪರನಾಡಿನವಳಲ್ಲ, ನಮ್ಮ ಜಿಲ್ಲೆಯ ಅಮರೇಶ್ವರದವಳು. ಗಂಡ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾರೆಂದು ತಿದ್ದಿದ ಧೀರೆ. ಲಕ್ಷ್ಮೀ ಎಂಬುದರ ಅಚ್ಚಗನ್ನಡ ರೂಪವೇ ಲಕ್ಕಮ್ಮ. ವೃಷಭವು ಬಸವನಾದಂತೆ, ಬ್ರಹ್ಮನು ಬೊಮ್ಮಯ್ಯನಾದಂತೆ, ಕನ್ನಡದ ಬಾಯಿ ಸಂಸ್ಕೃತದ ಹೆಸರನ್ನು ಪ್ರೀತಿಯಿಂದ ಮೃದುಗೊಳಿಸಿದ ಬಗೆಯಿದು. ಬಸವನನ್ನು ಒಪ್ಪಿದ ನಮಗೆ ಲಕ್ಕಮ್ಮ ಒರಟೆನಿಸುವುದೇಕೆ? ಕಿವಿಯ ಕಾರಣಕ್ಕಲ್ಲ. ಆಕೆ ಅಕ್ಕಿ ಆಯ್ದು ಬಾಳಿದವಳೆಂಬ ಕಾರಣಕ್ಕೆಂದಾದರೆ, ಕಾಯಕದ ಹಿರಿಮೆ ನಮ್ಮ ನಾಲಗೆಯಲ್ಲಿದೆ, ಮನೆಯೊಳಗೆ ಬಂದಿಲ್ಲವೆಂದೇ ತಿಳಿಯಬೇಕು.

ಅಪ್ಪ, ಅಯ್ಯ, ಅಣ್ಣ, ಅಕ್ಕ ಎಂಬ ಕೊನೆಗಳ ಅರ್ಥವನ್ನೂ ವಿಚಾರಿಸಿರಿ. ಇವೆಲ್ಲ ಸಂಬಂಧವಾಚಕಗಳು. ಇನ್ನೂ ಕಣ್ಣು ಬಿಡದ ಕೂಸನ್ನು ‘ಅಪ್ಪ’ ಎಂದು ಕರೆಯುವ ನಾಡು ನಮ್ಮದು. ಬಹುಕಾಲ ಊರ ಹೊರಗಿನ ಕೇರಿಯವರಿಗೆ ಈ ಗೌರವವನ್ನು ಕೊಡದೆ ಮಾರ, ದುರುಗ, ಕರಿಯ ಎಂದು ಬರಿಯ ಹೆಸರಿನಿಂದ ಕೂಗಿದುದು ನಮ್ಮ ಸಮಾಜದ ಕಲಂಕ. ಹನ್ನೆರಡನೆಯ ಶತಮಾನದ ಶರಣರು ಕಕ್ಕನನ್ನು ಕಕ್ಕಯ್ಯನೆಂದೂ ಚೆನ್ನನನ್ನು ಚೆನ್ನಯ್ಯನೆಂದೂ ಕರೆದರು. ಆ ಒಂದು ‘ಅಯ್ಯ’ದಲ್ಲಿ ಸಮತೆಯ ಶಾಸನವೇ ಇತ್ತು. ಅವಮಾನದ ಹೆಸರನ್ನು ತಲೆಮಾರುಗಳವರೆಗೆ ಹೊತ್ತವರು ಇಂದು ತಮ್ಮ ಮಕ್ಕಳಿಗೆ ಹೊಸ ಹೆಸರನ್ನು ಆರಿಸಿಕೊಂಡರೆ ಅದು ಅವರ ಹಕ್ಕು. ಹಳೆಯದನ್ನು ಉಳಿಸಿರೆಂದು ಅವರಿಗೆ ಉಪದೇಶಿಸುವ ಅಧಿಕಾರ ಯಾರಿಗೂ ಇಲ್ಲ. ಗೌರವದ ಕೊನೆಯನ್ನು ಹುಟ್ಟಿನಿಂದಲೇ ಪಡೆದು ಬಂದ ಮನೆಗಳವರು ಅದನ್ನು ಹಳ್ಳಿಗಾಡಿನದೆಂದು ಕಳಚಿ ಎಸೆಯುವಾಗ ಮಾತ್ರ ಕ್ಷಣಕಾಲ ನಿಂತು ಯೋಚಿಸಬೇಕು.

ಆದುದರಿಂದ ಹಿರಿಯರ ಪ್ರಶ್ನೆಗೆ ಉತ್ತರ ಹೀಗೆ ಹೇಳಬಹುದು. ಭೀತಿಯ ಹೆಸರುಗಳು ಮರಳಲಾರವು, ಮರಳಬಾರದು. ಊರದೇವರ ಹೆಸರುಗಳು ರೂಪ ಬದಲಿಸಿ ನಮ್ಮ ನಡುವೆಯೇ ಇವೆ, ಮುಂದೆಯೂ ಇರುತ್ತವೆ. ಕಾಯಕದ ಶರಣರ ಹೆಸರುಗಳು ಮರಳುವುದು ಮಾತ್ರ ಕಾಲದ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.

ಸದ್ಭಕ್ತರಲ್ಲಿಯೂ, ನಾಡಿನ ಮೂಲೆಮೂಲೆಗಳಲ್ಲಿ ನೆಲೆಸಿರುವ ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ಸೂಚನೆಯಿದೆ. ಮನೆಯಲ್ಲಿ ತೊಟ್ಟಿಲು ಕಟ್ಟುವ ಮೊದಲು ಹಿರಿಯರನ್ನು ಕೂಡಿಸಿಕೊಂಡು ನಾಲ್ಕು ತಲೆಮಾರಿನ ಹೆಸರುಗಳನ್ನು ಬರೆದುಕೊಳ್ಳಿರಿ. ಹೆಣ್ಣುಮಕ್ಕಳ ಹೆಸರುಗಳನ್ನು ಮರೆಯದಿರಿ, ವಂಶಾವಳಿಗಳಲ್ಲಿ ಮೊದಲು ಅಳಿಯುವವು ಅವೇ. ಪ್ರತಿಯೊಂದು ಹೆಸರೂ ಯಾವ ಜಾತ್ರೆಯಿಂದ, ಯಾವ ಹರಕೆಯಿಂದ, ಯಾವ ಶರಣರಿಂದ ಬಂದಿತೆಂಬುದನ್ನು ಕೇಳಿ ತಿಳಿಯಿರಿ. ಬಳಿಕ ನಿಮಗೆ ಸರಿತೋರಿದ ಹೆಸರನ್ನಿಡಿರಿ. ಹೊಸದನ್ನೇ ಇಟ್ಟರೂ ಚಿಂತೆಯಿಲ್ಲ, ಹಳೆಯದರ ಕಥೆ ಮಗುವಿಗೆ ತಿಳಿದಿರಲಿ. ಯಾವುದಾದರೂ ಒಂದು ಮನೆಯಲ್ಲಿ ಸೋದರತ್ತೆಯು ಕೂಸಿನ ಕಿವಿಯಲ್ಲಿ ‘ಲಕ್ಕಮ್ಮ’ ಎಂದು ಉಸುರಿದರೆ, ಅಮರೇಶ್ವರದ ಆ ತಾಯಿ ಎಂಟು ನೂರು ವರ್ಷಗಳ ತರುವಾಯ ಎಡೆದೊರೆಯ ನಾಡಿಗೆ ಮರಳಿ ಬಂದಂತಾದೀತು.