ಕೋರ್ಟಿನಲ್ಲಿ ಓದಿದ ಪತ್ರಗಳು

ಧಾರಾವಾಹಿಯ ಕೋರ್ಟಿನಲ್ಲಿ ವಕೀಲರು ಯಾರದೋ ಪತ್ರ ಎತ್ತಿ ಹಿಡಿದು ಓದತೊಡಗಿದರೆ, ಕೋಟನೂರಿನ ನಮ್ಮ ಮನೆಯಲ್ಲಿ ಪುಂಡಿಪಲ್ಯ ಸೋಸುತ್ತಿರುವ ನನ್ನ ಕೈ ನಿಂತುಬಿಡುತ್ತದೆ. ಎಡಿತ್ ಥಾಂಪ್ಸನ್ ನೆನಪಾಗುತ್ತಾಳೆ. ಲಂಡನ್ನಿನ ಆ ಹೆಣ್ಣುಮಗಳಿಗೂ ನಮಗೂ ಏನು ಸಂಬಂಧ ಎನ್ನಬೇಡಿ, ಕತೆ ಕೇಳಿರಿ.

ಟೊಪ್ಪಿಗೆ ಮಾರುವ ಕಂಪನಿಯೊಂದರಲ್ಲಿ ಅವಳಿಗೆ ಒಳ್ಳೆಯ ಕೆಲಸವಿತ್ತು. ಗಂಡ ಪರ್ಸಿ, ಮಕ್ಕಳಿರಲಿಲ್ಲ. ಅವಳಿಗಿಂತ ಎಂಟು ವರ್ಷ ಚಿಕ್ಕವನಾದ ಫ್ರೆಡರಿಕ್ ಬೈವಾಟರ್ಸ್ ಎಂಬ ಹಡಗಿನ ನೌಕರನ ಮೇಲೆ ಮನಸ್ಸಾಯಿತು. ಅವನು ಸಮುದ್ರದ ಮೇಲಿದ್ದಾಗ ಉದ್ದುದ್ದ ಪತ್ರ ಬರೆದಳು. ಓದಿದ ಕಾದಂಬರಿ, ನೋಡಿದ ನಾಟಕ, ಮನೆಯ ಬೇಸರ, ಎಲ್ಲವೂ ಅದರಲ್ಲಿ. ಗಂಡನ ಊಟದಲ್ಲಿ ಬಲ್ಬಿನ ಗಾಜು ಪುಡಿಮಾಡಿ ಹಾಕಿದೆ ಎಂದೂ ಬರೆದಳು. ಅವನ ಪತ್ರಗಳನ್ನು ಇವಳು ಹೆಚ್ಚುಕಡಿಮೆ ಎಲ್ಲ ನಾಶಮಾಡಿದಳು. ಇವಳವನ್ನು ಅವನು ಜೋಪಾನವಾಗಿ ಇಟ್ಟುಕೊಂಡ.

1922ರ ಅಕ್ಟೋಬರ್ 3ರಂದು ನಾಟಕ ನೋಡಿ, ನಡುರಾತ್ರಿ ದಾಟಿದ ಮೇಲೆ ಗಂಡಹೆಂಡತಿ ಇಲ್‌ಫರ್ಡಿನ ಮನೆಯ ಕಡೆ ನಡೆದು ಬರುತ್ತಿದ್ದಾಗ ಬೈವಾಟರ್ಸ್ ಪರ್ಸಿಯನ್ನು ಇರಿದು ಕೊಂದ. ಡಿಸೆಂಬರಿನಲ್ಲಿ ಓಲ್ಡ್ ಬೇಲಿ ಕೋರ್ಟಿನಲ್ಲಿ ಇಬ್ಬರದೂ ವಿಚಾರಣೆ. ಶವಪರೀಕ್ಷೆಯಲ್ಲಿ ಗಾಜಿನ ಚೂರೂ ಸಿಗಲಿಲ್ಲ, ವಿಷವೂ ಸಿಗಲಿಲ್ಲ. ಆಕೆಗೆ ಏನೂ ಗೊತ್ತಿರಲಿಲ್ಲವೆಂದು ಇರಿದವನೇ ಹೇಳಿದ. ಆದರೆ ಪತ್ರಗಳಿದ್ದವಲ್ಲ! ಅರವತ್ತಕ್ಕೂ ಹೆಚ್ಚು ಪತ್ರಗಳಲ್ಲಿ ಜ್ಯೂರಿಯ ಮುಂದೆ ಬಂದದ್ದು ಅರ್ಧದಷ್ಟು. ತನ್ನ ವಕೀಲರು ಬೇಡವೆಂದರೂ ಅವಳು ಕಟಕಟೆ ಹತ್ತಿ ಸಾಕ್ಷಿ ನುಡಿದಳು, ಕೆಟ್ಟಳು. ಗಾಜಿನ ಮಾತು ಪ್ರಿಯಕರನ ಮುಂದಿನ ಬಡಾಯಿ ಎಂದೇ ನನಗೆ ಅನಿಸುತ್ತದೆ. ಸಿಟ್ಟು ಬಂದಾಗ ಅಡುಗೆಮನೆಯಲ್ಲಿ ನಾವೆಲ್ಲ ಏನೇನು ಗೊಣಗುತ್ತೇವೆ, ಅದನ್ನು ಯಾರಾದರೂ ಬರೆದಿಟ್ಟುಕೊಂಡರೆ ಗತಿಯೇನು?

1923ರ ಜನವರಿ 9ರ ಬೆಳಿಗ್ಗೆ 9ಕ್ಕೆ ಇಬ್ಬರನ್ನೂ ಬೇರೆ ಬೇರೆ ಜೈಲಿನಲ್ಲಿ ಗಲ್ಲಿಗೇರಿಸಿದರು. ಜೀವ ಉಳಿಸಿರೆಂದು ಲಕ್ಷಾಂತರ ಜನ ಸಹಿ ಹಾಕಿದ್ದರು, ಅದೂ ಮುಖ್ಯವಾಗಿ ಅವನಿಗಾಗಿ.

ಎಫ್. ಟೆನಿಸನ್ ಜೆಸ್ಸಿ ಎಂಬ ಲೇಖಕಿ 1934ರಲ್ಲಿ ಇದನ್ನು 'ಎ ಪಿನ್ ಟು ಸೀ ದ ಪೀಪ್‌ಶೋ' ಎಂಬ ಕಾದಂಬರಿ ಮಾಡಿದಳು. ಎಡಿತ್ ಇಲ್ಲಿ ಜೂಲಿಯಾ. 1973ರಲ್ಲಿ ಬಿಬಿಸಿ ನಾಲ್ಕು ಕಂತುಗಳ ಟೀವಿ ನಾಟಕ ಮಾಡಿತು. ಬರೆದದ್ದು ಎಲೈನ್ ಮೋರ್ಗನ್, ಜೂಲಿಯಾ ಆದದ್ದು ಫ್ರಾನ್ಸೆಸ್ಕಾ ಆ್ಯನಿಸ್. ಜಾತ್ರೆಯಲ್ಲಿ ಬರುತ್ತಿದ್ದ ಬಯಾಸ್ಕೋಪಿನಂಥ ಪೆಟ್ಟಿಗೆಯೊಳಗೆ, ಒಂದು ಗುಂಡುಸೂಜಿ ಕೊಟ್ಟು ಇಣುಕುವ ಶಾಲೆಯ ಹುಡುಗಿ ಕಾದಂಬರಿಯ ಮೊದಲಿಗೇ ಬರುತ್ತಾಳೆ. ಕೋರ್ಟು ಕೊಲೆಯ ರಾತ್ರಿಯಿಂದ ಹಿಂದಕ್ಕೆ ಹೋಗಿ ಪತ್ರ ಹೆಕ್ಕಿತು. ಲೇಖಕಿ ಹುಡುಗಿಯಿಂದ ಮುಂದಕ್ಕೆ ಬಂದಳು.

ಆಗ ನಮ್ಮ ಕಡೆ ಟೀವಿಯೇ ಇರಲಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ 'ಸೈಟ್' ಎಂಬ ಉಪಗ್ರಹ ಪ್ರಯೋಗ ನಡೆಯಿತು. ದೇಶದ 2,400 ಹಳ್ಳಿಗಳಿಗೆ ಟೀವಿ ಬಂತು, ಅದರಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ತೋರಿಸಿದ್ದು ಹೆಚ್ಚಾಗಿ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ. 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಬಂತು. ಕೋರ್ಟಿನ ಕಟಕಟೆ ನಮ್ಮ ಪಡಸಾಲೆಗೆ ಬರಲು ಇನ್ನೂ ಬಹಳ ವರ್ಷ ಬೇಕಾಯಿತು, ಟಿ.ಎನ್. ಸೀತಾರಾಂ ಅವರ 'ಮುಕ್ತ'ದಂಥ ಧಾರಾವಾಹಿಗಳು ಬಂದ ಮೇಲೆ ಹೆಂಗಸರು ವಾದ-ಪ್ರತಿವಾದ ಕೇಳಲು ಒಲೆ ಸಣ್ಣ ಮಾಡಿ ಕೂತರು.

ಎಡಿತ್‌ಳನ್ನು ಜೈಲಿನ ಆವರಣದಲ್ಲೇ ಹೂತಿದ್ದರು. 1971ರಲ್ಲಿ ಆ ಗೋರಿಗಳನ್ನು ತೆಗೆದು ಬೇರೆಡೆಗೆ ಸಾಗಿಸಿದರು. ಮಗಳ ಜೊತೆ ಮಲಗಬೇಕೆಂಬುದು ತಾಯಿಯ ಆಸೆಯಾಗಿತ್ತು. 2018ರ ನವೆಂಬರಿನಲ್ಲಿ ಅವಳನ್ನು ಅಪ್ಪ-ಅಮ್ಮನ ಗೋರಿಗೆ ತಂದರು.