ವಿಮಾನದ ಪಾಯಿಂಟ್ಸ್ ರೂಪಾಯಿಗೆ ತಿರುಗಿಸಿದರೆ ಎಷ್ಟಾಗುತ್ತೆ? ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಇಲ್ಲಿದೆ ಲೆಕ್ಕ

ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಇಂಡಿಗೋದ ಮೊದಲ ವಿಮಾನ ಬಂದಿಳಿಯಿತು. ನವೆಂಬರ್‌ನಲ್ಲಿ ಸ್ಟಾರ್ ಏರ್ ಹೈದರಾಬಾದ್, ತಿರುಪತಿ, ಗೋವಾ ಕಡೆ ಹಾರಾಟ ಶುರು ಮಾಡಿತು. ಅಲ್ಲಿಯವರೆಗೆ ವಿಮಾನ ಹತ್ತಬೇಕು ಅಂದ್ರೆ ದೇವನಹಳ್ಳಿಗೋ, ಘಟ್ಟ ಇಳಿದು ಬಜ್ಪೆಗೋ ಹೋಗಬೇಕಿತ್ತು. ಈಗ ಈ ಮೂರು ತಾಲೂಕಿನ ಅಂಗಡಿ ಮಾಲೀಕರು, ಅಡಕೆ ವ್ಯಾಪಾರಿಗಳ ಮೊಬೈಲಿಗೂ ‘ನಿಮ್ಮ ಖಾತೆಗೆ ಇಷ್ಟು ಪಾಯಿಂಟ್ಸ್ ಜಮೆ ಆಗಿದೆ’ ಅನ್ನೋ ಮೆಸೇಜ್ ಬರ್ತಿದೆ. ಅದು ದುಡ್ಡೋ, ಬರೀ ಅಂಕಿಯೋ ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ.

ಕಂಪನಿಗೊಂದು ಹೆಸರು. ಇಂಡಿಗೋದವರು ಬ್ಲೂಚಿಪ್ ಅಂತಾರೆ. ಏರ್ ಇಂಡಿಯಾದ್ದು ಮೊದಲು ಫ್ಲೈಯಿಂಗ್ ರಿಟರ್ನ್ಸ್ ಆಗಿತ್ತು, ಈಗ ಮಹಾರಾಜ ಕ್ಲಬ್. ಸ್ಪೈಸ್‌ಜೆಟ್‌ನದ್ದು ಸ್ಪೈಸ್ ಕ್ಲಬ್. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಟಾಟಾದ ನ್ಯೂಕಾಯಿನ್ ಸಿಗುತ್ತೆ. ಒಬ್ಬರ 10 ಸಾವಿರ ಪಾಯಿಂಟ್ಸ್ ದೊಡ್ಡದಾ, ಇನ್ನೊಬ್ಬರ 5 ಸಾವಿರ ದೊಡ್ಡದಾ ಅಂತ ಬರೀ ಅಂಕಿ ನೋಡಿ ಹೇಳೋಕಾಗಲ್ಲ. ಮಂಡಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬರು 10 ಕ್ವಿಂಟಾಲ್ ಗೊರಬಲು, ಇನ್ನೊಬ್ಬರು 5 ಕ್ವಿಂಟಾಲ್ ಸರಕು ತಂದರೆ ಯಾರ ಕೈಗೆ ಹೆಚ್ಚು ದುಡ್ಡು ಬರುತ್ತೆ ಅಂತ ತೂಕ ಒಂದನ್ನೇ ನೋಡಿ ಯಾರೂ ಹೇಳಲ್ಲ. ಧಾರಣೆ ಕೇಳಿಯೇ ಹೇಳ್ತಾರೆ.

ಧಾರಣೆ ಕಂಡುಹಿಡಿಯೋದು ಹೇಗೆ?

ಕಂಪನಿಯ ಆ್ಯಪ್‌ನಲ್ಲಿ ನಿಮಗೆ ಬೇಕಾದ ದಿನದ ಒಂದೇ ವಿಮಾನದ ದರವನ್ನು ಎರಡು ರೀತಿಯಲ್ಲಿ ನೋಡಿ. ಒಂದು, ಪೂರ್ತಿ ದುಡ್ಡು ಕೊಟ್ಟರೆ ಎಷ್ಟು. ಇನ್ನೊಂದು, ಪಾಯಿಂಟ್ಸ್ ಕೊಟ್ಟರೆ ಎಷ್ಟು ಪಾಯಿಂಟ್ಸ್, ಅದರ ಮೇಲೆ ತೆರಿಗೆ ಅಂತ ಕೈಯಿಂದ ಎಷ್ಟು ಕಟ್ಟಬೇಕು. ಪೂರ್ತಿ ದರದಲ್ಲಿ ಕೈಯಿಂದ ಕಟ್ಟುವ ದುಡ್ಡನ್ನು ಕಳೆದು, ಉಳಿದಿದ್ದನ್ನು ಪಾಯಿಂಟ್ಸ್‌ನಿಂದ ಭಾಗಿಸಿ. ಅದೇ ಒಂದು ಪಾಯಿಂಟಿನ ಬೆಲೆ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಟಿಕೆಟ್ 4,000 ರೂಪಾಯಿ. ‘ಎ’ ಕಂಪನಿ 8,000 ಪಾಯಿಂಟ್ಸ್ ಮತ್ತು 800 ರೂಪಾಯಿ ಕೇಳುತ್ತೆ. 3,200 ರೂಪಾಯಿಯನ್ನು 8,000ದಿಂದ ಭಾಗಿಸಿದರೆ ಪಾಯಿಂಟಿಗೆ 40 ಪೈಸೆ. ‘ಬಿ’ ಕಂಪನಿ 5,000 ಪಾಯಿಂಟ್ಸ್ ಮತ್ತು 1,500 ರೂಪಾಯಿ ಕೇಳುತ್ತೆ. ಇಲ್ಲಿ ಪಾಯಿಂಟಿಗೆ 50 ಪೈಸೆ. ‘ಬಿ’ಯದ್ದೇ ಒಳ್ಳೇದು ಅನ್ನಿಸುತ್ತೆ. ಆದರೆ ಲೆಕ್ಕ ಅಲ್ಲಿಗೇ ನಿಲ್ಲಿಸಿದರೆ ಮೋಸ ಹೋದಂಗೆ. 100 ರೂಪಾಯಿ ಖರ್ಚಿಗೆ ಎಷ್ಟು ಪಾಯಿಂಟ್ಸ್ ಕೊಡ್ತಾರೆ ಅನ್ನೋದನ್ನೂ ನೋಡಬೇಕು. ‘ಎ’ 6 ಕೊಟ್ಟರೆ ನಿಮಗೆ ವಾಪಸ್ ಬರೋದು 2 ರೂಪಾಯಿ 40 ಪೈಸೆ. ‘ಬಿ’ 3 ಕೊಟ್ಟರೆ 1 ರೂಪಾಯಿ 50 ಪೈಸೆ. ಧಾರಣೆ ಕಡಿಮೆ ಇದ್ದ ‘ಎ’ ಗೆದ್ದಿತು.

ಇನ್ನೊಂದು ವಿಷಯ. ಪಾಯಿಂಟ್ಸ್ ಸಾಮಾನ್ಯವಾಗಿ ಟಿಕೆಟ್ಟಿನ ಪೂರ್ತಿ ದುಡ್ಡಿಗೆ ಬರಲ್ಲ. ಜಿಎಸ್‌ಟಿ, ನಿಲ್ದಾಣದ ಶುಲ್ಕ ಬಿಟ್ಟು ಕಂಪನಿಗೆ ಸೇರುವ ಮೊತ್ತಕ್ಕಷ್ಟೇ ಬರುತ್ತೆ. 4,000ದ ಟಿಕೆಟ್‌ನಲ್ಲಿ ಆ ಮೊತ್ತ 3,200 ಅಂತಿಟ್ಟುಕೊಂಡರೆ ‘ಎ’ ಕಂಪನಿಯಲ್ಲಿ ನಿಮ್ಮ ಲಾಭ 76 ರೂಪಾಯಿ 80 ಪೈಸೆ. ವರ್ಷಕ್ಕೆ 10 ಸಲ ಹಾರಿದರೆ 768 ರೂಪಾಯಿ. ಒಂದು ಟಿಕೆಟ್ ಕ್ಯಾನ್ಸಲ್ ಮಾಡಿದರೆ ಅಷ್ಟೂ ಹೋಯ್ತು. ಸಾಗರದಿಂದಲೋ ಹೊಸನಗರದಿಂದಲೋ ಸೋಗಾನೆಗೆ ಬಾಡಿಗೆ ಕಾರು ಮಾಡಿದರೆ ಆಗೋ ಖರ್ಚಿನ ಮುಂದೆ ಇದು ಏನೂ ಅಲ್ಲ.

ಹಾಗಂತ ಬಿಡಬೇಕಿಲ್ಲ. ಸದಸ್ಯತ್ವಕ್ಕೆ ದುಡ್ಡಿಲ್ಲ, ಮಾಡ್ಕೊಂಡು ಇಟ್ಟುಕೊಳ್ಳಿ. ಆದರೆ ಪಾಯಿಂಟ್ಸ್ ಆಸೆಗೆ 500 ರೂಪಾಯಿ ಜಾಸ್ತಿ ಇರುವ ಟಿಕೆಟ್ ತಗೋಬೇಡಿ. ಲೆಕ್ಕ ಸುಲಭ ಇರೋದು ನ್ಯೂಕಾಯಿನ್‌ನಲ್ಲಿ ಮಾತ್ರ. ಒಂದು ಕಾಯಿನ್ ಅಂದ್ರೆ ಒಂದು ರೂಪಾಯಿ. ಮಂಗಳೂರಿನಿಂದ ಗಲ್ಫ್‌ಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಬರುವವರಿಗೆ ಭಾಗಾಕಾರದ ತಲೆಬಿಸಿ ಇಲ್ಲ.

ಅಂಗಡಿಯವರಿಗೆ ಪಾಯಿಂಟ್ಸ್‌ಗಿಂತ ದೊಡ್ಡದು

ವ್ಯಾಪಾರದ ಕೆಲಸಕ್ಕೆ ಹಾರುವವರು ಪಾಯಿಂಟ್ಸ್ ಎಣಿಸುತ್ತಾ ಇದಕ್ಕಿಂತ ದೊಡ್ಡ ದುಡ್ಡನ್ನು ಬಿಡ್ತಿದ್ದಾರೆ. ಎಕಾನಮಿ ಟಿಕೆಟ್ ಮೇಲೆ ಶೇ 5 ಜಿಎಸ್‌ಟಿ ಇದೆ. ಬುಕ್ ಮಾಡುವಾಗ ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿ ಬಿಲ್ ಪಡೆದರೆ, ರೆಗ್ಯುಲರ್ ನೋಂದಣಿ ಇರುವವರು ಅದನ್ನು ಇನ್‌ಪುಟ್ ಕ್ರೆಡಿಟ್‌ನಲ್ಲಿ ತಗೋಬಹುದು. 3,200ಕ್ಕೆ 160 ರೂಪಾಯಿ. ಮೇಲಿನ ಪಾಯಿಂಟ್ಸ್‌ನ ಎರಡು ಪಟ್ಟು! ಕಾಂಪೋಸಿಷನ್‌ನಲ್ಲಿ ಇರುವವರಿಗೆ ಇದು ಸಿಗಲ್ಲ. ಮನೆಯವರ ಜೊತೆ ತಿರುಪತಿಗೆ ಹೋದ ಟಿಕೆಟ್ಟಿಗೂ ಸಿಗಲ್ಲ. ಬಿಲ್ ನಿಮ್ಮ ಅಕೌಂಟೆಂಟ್ ಕೈಗೆ ಕೊಡಿ, ಉಳಿದಿದ್ದು ಅವರು ನೋಡ್ಕೋತಾರೆ.

ಕ್ರೆಡಿಟ್ ಕಾರ್ಡ್ ವಿಚಾರವೂ ಇಲ್ಲೇ ಬರುತ್ತೆ. ವಿಮಾನ ಹತ್ತದೇ ಪಾಯಿಂಟ್ಸ್ ಮಾಡೋ ದಾರಿ ಅಂದ್ರೆ ಕಾರ್ಡ್. ಸ್ಟಾಕ್ ತರಿಸುವಾಗ ಕಾರ್ಡ್ ಉಜ್ಜಿದರೆ ಪಾಯಿಂಟ್ಸ್ ಬರುತ್ತೆ ನಿಜ. ಆದರೆ ಹೋಲ್‌ಸೇಲ್‌ನವರು ಕಾರ್ಡಿಗೆ ಅಂತ ಶೇ 2 ಸೇರಿಸಿದರೆ ಬಂದ ಪಾಯಿಂಟ್ಸ್ ಅಲ್ಲೇ ಖರ್ಚಾಯ್ತು. ಬಾಕಿ ಉಳಿಸಿಕೊಂಡರಂತೂ ಮುಗೀತು. 50 ಸಾವಿರ ಬಾಕಿಗೆ ತಿಂಗಳಿಗೆ ಶೇ 3.5 ಬಡ್ಡಿ ಅಂದರೆ 1,750 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 2,065. ಪಾಯಿಂಟ್ಸ್‌ನಿಂದ ಶೇ 2 ಬಂದರೂ ಸಾವಿರ ರೂಪಾಯಿ ಅಷ್ಟೇ.

ಕೂಡಿಟ್ಟರೆ ಬೆಳೆಯಲ್ಲ

ಈ ಪದ್ಧತಿ ದೊಡ್ಡ ಮಟ್ಟದಲ್ಲಿ ಶುರುವಾಗಿದ್ದು ಅಮೆರಿಕನ್ ಏರ್‌ಲೈನ್ಸ್‌ನಿಂದ, 1981ರ ಮೇ 1ರಂದು. ಆಗ ಹಾರಿದ ದೂರಕ್ಕೆ ಮೈಲಿ ಲೆಕ್ಕದಲ್ಲಿ ಕೊಡ್ತಿದ್ದರು, ಮೈಲ್ಸ್ ಅನ್ನೋ ಹೆಸರು ಬಂದಿದ್ದು ಹಂಗೆ. ಈಗ ಖರ್ಚು ಮಾಡಿದ ದುಡ್ಡಿಗೆ ಕೊಡೋ ಪದ್ಧತಿ ಹೆಚ್ಚು. ಏರ್ ಇಂಡಿಯಾ 2024ರ ಏಪ್ರಿಲ್‌ನಲ್ಲಿ ಇದಕ್ಕೆ ಬದಲಾಯಿತು. ಇಂಡಿಗೋ ಬ್ಲೂಚಿಪ್ ಬಂದಿದ್ದೂ 2024ರಲ್ಲೇ.

ಪಾಯಿಂಟ್ಸ್ ಬ್ಯಾಂಕ್ ಡಿಪಾಸಿಟ್ ಅಲ್ಲ. ಬಡ್ಡಿ ಇಲ್ಲ. ಇವತ್ತು 8,000 ಪಾಯಿಂಟ್ಸ್‌ಗೆ ಸಿಗೋ ಟಿಕೆಟ್ಟಿಗೆ ನಾಳೆ 10,000 ಕೇಳಿದರೆ ಸದಸ್ಯರು ಏನೂ ಮಾಡೋಕಾಗಲ್ಲ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ ಕಿಂಗ್ ಕ್ಲಬ್ ಮೈಲ್ಸ್ ಇಟ್ಟುಕೊಂಡವರಿಗೆ ಹಾರೋಕೆ ವಿಮಾನವೇ ಇರಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಾಗ ಮಾತ್ರ ಸದಸ್ಯರು ಬಚಾವಾದರು. ಜೆಟ್‌ಪ್ರಿವಿಲೇಜ್ ಬೇರೆ ಕಂಪನಿಯಾಗಿತ್ತು, ಅದೇ ವರ್ಷ ಇಂಟರ್‌ಮೈಲ್ಸ್ ಅಂತ ಹೆಸರು ಬದಲಿಸಿಕೊಂಡಿತು. 2024ರ ನವೆಂಬರ್‌ನಲ್ಲಿ ವಿಸ್ತಾರ, ಏರ್ ಇಂಡಿಯಾದಲ್ಲಿ ವಿಲೀನವಾದಾಗ ಅಲ್ಲಿನ ಒಂದು ಪಾಯಿಂಟಿಗೆ ಇಲ್ಲಿ ಒಂದು ಸಿಕ್ಕಿತು. ಎಲ್ಲ ಸಲವೂ ಹಿಂಗೇ ಆಗುತ್ತೆ ಅಂತ ನಂಬಿಕೊಂಡು ಕೂರೋದಲ್ಲ. ಟಿಕೆಟ್ಟಿಗೆ ಆಗುವಷ್ಟು ಸೇರಿದ ಕೂಡಲೇ ಖರ್ಚು ಮಾಡೋದೇ ಸರಿ.

ಮಕ್ಕಳು ಹೊರದೇಶದಲ್ಲಿರುವ ಮನೆಗಳಿಗೆ

ನಿಜವಾಗಿ ಲೆಕ್ಕ ಇಡಬೇಕಾದವರು ಇವರು. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ, ದುಬೈನಲ್ಲಿರುವ ಮಗನ ಮನೆಗೆ ಅಂತ ಹೊರಡುವ ಅಪ್ಪ-ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿಗೆ ತೂಕ ಹಾಕ್ತಾರೆ, ಪಾಯಿಂಟ್ಸ್ ಖಾತೆ ಮಾಡಿಸೋದನ್ನ ಮರೀತಾರೆ. ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ನೇರ ದೂರವೇ ಸುಮಾರು 14 ಸಾವಿರ ಕಿ.ಮೀ. ಹೋಗಿ ಬಂದರೆ 17 ಸಾವಿರ ಮೈಲಿ ದಾಟುತ್ತೆ. ದೂರದ ಅರ್ಧದಷ್ಟು ಮೈಲ್ಸ್ ಕೊಟ್ಟು, ಒಂದಕ್ಕೆ 40 ಪೈಸೆ ಅಂತ ಹಿಡಿದರೂ ತಲೆಗೆ 3,400 ರೂಪಾಯಿ, ಇಬ್ಬರಿಗೆ ಹತ್ತಿರ ಹತ್ತಿರ 7 ಸಾವಿರ. ತೀರಾ ಅಗ್ಗದ ಟಿಕೆಟ್ಟಿಗೆ ಕಡಿಮೆ ಕೊಡೋದೂ ಉಂಟು, ಏನೂ ಕೊಡದಿರೋದೂ ಉಂಟು. ಬುಕ್ ಮಾಡುವ ಮೊದಲು ಕೇಳಿ.

ಆದರೆ ಮೈಲ್ಸ್‌ಗೆ ಆಯಸ್ಸಿದೆ. ಎಮಿರೇಟ್ಸ್‌ನ ಸ್ಕೈವರ್ಡ್ಸ್, ಸಿಂಗಾಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಎರಡರಲ್ಲೂ ಸುಮಾರು ಮೂರು ವರ್ಷ. ಐದು ವರ್ಷಕ್ಕೊಮ್ಮೆ ಹೋಗುವ ಹಿರಿಯರ ಖಾತೆಯಲ್ಲಿ ಬಿಟ್ಟರೆ ಮುಂದಿನ ಪ್ರಯಾಣದ ಹೊತ್ತಿಗೆ ಸೊನ್ನೆ. ಇದಕ್ಕೆ ದಾರಿ ಇದೆ. ಸ್ಕೈವರ್ಡ್ಸ್‌ನಲ್ಲಿ ‘ಮೈ ಫ್ಯಾಮಿಲಿ’ ಅನ್ನೋ ವ್ಯವಸ್ಥೆಯಲ್ಲಿ ಮನೆಯವರ ಮೈಲ್ಸ್ ಒಂದೇ ಕಡೆ ಸೇರಿಸಬಹುದು. ಪ್ರತಿ ವರ್ಷ ಊರಿಗೆ ಬರುವ ಮಗನೋ ಮಗಳೋ ಖಾತೆಗೆ ಯಜಮಾನರಾದರೆ ಮೈಲ್ಸ್ ಹಾಳಾಗಲ್ಲ.

ಒಂದೇ ಪ್ರಯಾಣವನ್ನು ಎರಡು ಖಾತೆಗೆ ಬರೆಸೋಕಾಗಲ್ಲ, ಆದರೆ ಯಾವ ಖಾತೆಗೆ ಅನ್ನೋ ಆಯ್ಕೆ ಕೆಲವೊಮ್ಮೆ ಇರುತ್ತೆ. ಏರ್ ಇಂಡಿಯಾ 2014ರ ಜುಲೈನಿಂದ ಸ್ಟಾರ್ ಅಲೈಯನ್ಸ್ ಕೂಟದಲ್ಲಿದೆ. ಲುಫ್ತಾನ್ಸಾ, ಸಿಂಗಾಪುರ ಏರ್‌ಲೈನ್ಸ್ ಕೂಡ ಅದರಲ್ಲೇ ಇರೋದರಿಂದ ಅವರ ವಿಮಾನದಲ್ಲಿ ಹೋಗಿ ಏರ್ ಇಂಡಿಯಾ ಖಾತೆಗೆ ಬರೆಸಬಹುದು. ಎಮಿರೇಟ್ಸ್ ಯಾವ ಕೂಟದಲ್ಲೂ ಇಲ್ಲ.

ನಮ್ಮ ಕಡೆ ಪಾಯಿಂಟ್ಸ್ ತಪ್ಪಿಹೋಗಲು ಇನ್ನೊಂದು ಕಾರಣ ಇನಿಷಿಯಲ್. ಆಧಾರ್‌ನಲ್ಲಿ ಬರೀ ಅಕ್ಷರ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೋ ಊರ ಹೆಸರೋ ಪೂರ್ತಿ. ಸದಸ್ಯತ್ವದ ಹೆಸರು ಟಿಕೆಟ್ಟಿನ ಹೆಸರಿಗೆ ಹೊಂದದಿದ್ದರೆ ಜಮೆ ಆಗಲ್ಲ. ಖಾತೆ ಮಾಡುವಾಗಲೇ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅದರಲ್ಲಿದ್ದಂಗೇ ಬರೆಯಿರಿ. ಹಾರಿ ಬಂದ ಮೇಲೂ ಕೆಲವು ತಿಂಗಳವರೆಗೆ ಆ್ಯಪ್‌ನಲ್ಲೇ ಬಿಟ್ಟುಹೋದ ಪಾಯಿಂಟ್ಸ್ ಕೇಳಲು ಅವಕಾಶ ಇರುತ್ತೆ. ಅದಕ್ಕೆ ಬೋರ್ಡಿಂಗ್ ಪಾಸ್ ಮತ್ತು 13 ಅಂಕಿಯ ಇ-ಟಿಕೆಟ್ ನಂಬರ್ ಬೇಕಾಗುತ್ತೆ. ಬೋರ್ಡಿಂಗ್ ಪಾಸನ್ನು ನಿಲ್ದಾಣದ ಕಸದ ಡಬ್ಬಿಗೆ ಹಾಕುವ ಮೊದಲು ಒಂದು ಫೋಟೊ ತೆಗೆದಿಟ್ಟುಕೊಳ್ಳಿ.